ನಾಲ್ಕು ವರ್ಷದ ಮಗ ಬರೆಯಲು ಕೂತರೆ ಅಳುತ್ತಾನೆ, ಆಟ ಆಡಿಸಿದರೆ ಬರವಣಿಗೆ ಬರುತ್ತದಾ?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ಮಗನಿಗೆ ನಾಲ್ಕು ವರ್ಷ ನಾಲ್ಕು ತಿಂಗಳು. ಎಲ್‌ಕೆಜಿಗೆ ಸೇರಿಸಿ ಎರಡು ತಿಂಗಳಾಯಿತು. ದಿನಾ ಹೋಂವರ್ಕ್ ಕೊಡುತ್ತಾರೆ. ಅ ಆ ಇ ಈ ಒಂದು ಪುಟ, ಎ ಬಿ ಸಿ ಡಿ ಒಂದು ಪುಟ, ಜೊತೆಗೆ 1ರಿಂದ 20. ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಎರಡು ಸಾಲು ಆಗುವಷ್ಟರಲ್ಲಿ ಕೈ ನೋವು ಅನ್ನುತ್ತಾನೆ, ಆಮೇಲೆ ಅಳು. 3 ಮತ್ತು 7 ಉಲ್ಟಾ ಬರೆಯುತ್ತಾನೆ. ಕೆಲವು ಸಲ ಎಡಗೈಯಲ್ಲಿ ಹಿಡಿಯುತ್ತಾನೆ, ಅತ್ತೆ ತಕ್ಷಣ ಬಲಗೈಗೆ ಕೊಡುತ್ತಾರೆ. ಟೀಚರ್ 'ನಿಮ್ಮ ಮಗ ಹಿಂದೆ ಇದ್ದಾನೆ' ಅಂದರು. ಪಕ್ಕದ ಮನೆಯ ಹುಡುಗಿಗೂ ಇವನಷ್ಟೇ ವಯಸ್ಸು, ಅವಳು ಆಗಲೇ ಹೆಸರು ಬರೆಯುತ್ತಾಳೆ. ಚುಕ್ಕೆ ಮೇಲೆ ತಿದ್ದುವ ಪುಸ್ತಕ ತಂದೆ, ಟ್ಯಾಬ್‌ನಲ್ಲಿ ಅಕ್ಷರದ ಆಪ್ ಹಾಕಿಕೊಟ್ಟೆ, ಏನೂ ಪ್ರಯೋಜನ ಆಗಿಲ್ಲ. ಆಟದಲ್ಲೇ ಕಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಆಟ ಆಡಿದರೆ ಬರೆಯೋದು ಹೇಗೆ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಮಾತು, ಓಟ ಎಲ್ಲ ಚೆನ್ನಾಗಿದೆ. ಕಥೆ ಹೇಳು ಅಂದರೆ ನಿಲ್ಲಿಸೋದೇ ಇಲ್ಲ. ಅವನಿಗೆ ಏನಾದರೂ ತೊಂದರೆ ಇದೆಯಾ?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ. ನೀವು ಬರೆದಿರುವುದರಲ್ಲಿ ನನಗೆ ಗಾಬರಿಯಾಗುವಂಥದ್ದು ಏನೂ ಕಾಣುತ್ತಿಲ್ಲ. ಕೈಯ ಹಿಡಿತದಲ್ಲಿ ಅವನು ವಯಸ್ಸಿಗಿಂತ ಸ್ವಲ್ಪ ನಿಧಾನ ಇರಬಹುದು. ಉಳಿದದ್ದೆಲ್ಲ ಈ ವಯಸ್ಸಿನಲ್ಲಿ ಸಾಮಾನ್ಯ. ಮಗುವನ್ನು ಕಣ್ಣಾರೆ ನೋಡದೆ ಇಷ್ಟೇ ಹೇಳಬಹುದು. ಯಾವ ಲಕ್ಷಣ ಕಂಡರೆ ತೋರಿಸಲೇಬೇಕು ಅನ್ನುವುದನ್ನು ಕೊನೆಗೆ ಬರೆದಿದ್ದೇನೆ.

ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಮಗು ಉಣ್ಣುವಾಗ, ಗುಂಡಿ ಹಾಕುವಾಗ, ಬರೆಯುವಾಗ ಕೈ, ಕಣ್ಣು, ಮೈ ಹೇಗೆ ಒಟ್ಟಿಗೆ ಕೆಲಸ ಮಾಡುತ್ತವೆ ಅಂತ ನೋಡುವುದು ನನ್ನ ಕೆಲಸ. ಜುಲೈ, ಆಗಸ್ಟ್ ಬಂತೆಂದರೆ ನಿಮ್ಮ ಪ್ರಶ್ನೆಯನ್ನೇ ಹಿಡಿದುಕೊಂಡು ತಂದೆ ತಾಯಿಯರು ಬರುತ್ತಾರೆ. ಶಾಲೆ ಶುರುವಾಗಿ ಎರಡು ತಿಂಗಳಾಗಿರುತ್ತದೆ, ಹೋಂವರ್ಕ್ ಜೋರಾಗಿರುತ್ತದೆ, ಮನೆಯಲ್ಲಿ ಸಂಜೆ ಅಂದರೆ ಅಳು ಅನ್ನುವ ಹಾಗಾಗಿರುತ್ತದೆ.

ಬರೆಯುವುದು ನೋಡಲು ಒಂದು ಕೆಲಸದ ಹಾಗೆ ಕಾಣುತ್ತದೆ, ಒಳಗೆ ಮೂರಿದೆ. ಕೈ ಪೆನ್ಸಿಲ್ಲನ್ನು ಹಿಡಿದು ಬೇಕಾದ ಕಡೆ ತಿರುಗಿಸಬೇಕು. ಕಣ್ಣು ನೋಡಿದ ಆಕಾರವನ್ನು ತಲೆ ನೆನಪಿಟ್ಟುಕೊಂಡು, ಎಲ್ಲಿಂದ ಶುರು, ಯಾವ ಕಡೆ ತಿರುವು ಅಂತ ಕೈಗೆ ಹೇಳಬೇಕು. ಮೂರನೆಯದು, ನಾನು ಹೇಳುವ ಮಾತು ಕಾಗದದ ಮೇಲೆ ಗುರುತಾಗಿ ಉಳಿಯುತ್ತದೆ, ಇನ್ನೊಬ್ಬರು ಅದನ್ನು ಓದಬಹುದು ಅನ್ನುವುದು ಮಗುವಿಗೆ ಹೊಳೆಯಬೇಕು. ಒಂದು ಪುಟದ ತುಂಬ ಅ ಬರೆಸಿದರೆ ಈ ಮೂರರಲ್ಲಿ ಯಾವುದೂ ಬೆಳೆಯುವುದಿಲ್ಲ. ಮೂರೂ ಸ್ವಲ್ಪ ಸ್ವಲ್ಪ ಬಂದ ಮೇಲೆ ಮಾಡಬೇಕಾದ ಅಭ್ಯಾಸ ಅದು. ಆಟದ ಪಾಲು ಇರುವುದು ಅದಕ್ಕೂ ಮೊದಲಿನ ಕೆಲಸದಲ್ಲಿ.

ಮುಷ್ಟಿ ಹಿಡಿತದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು, ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲೇ ಹಿಡಿಯುತ್ತದೆ. ಆಗ ಅಲುಗಾಡುವುದು ಭುಜ. ಎರಡರಿಂದ ಮೂರರ ಹೊತ್ತಿಗೆ ಬೆರಳುಗಳು ಕೆಳಮುಖವಾಗಿ ಬಳಪದ ಮೇಲೆ ಬರುತ್ತವೆ, ಮೊಣಕೈಯಿಂದ ಅಲುಗಾಟ. ಮೂರೂವರೆಯಿಂದ ನಾಲ್ಕರ ಸುಮಾರಿಗೆ ಮೂರೋ ನಾಲ್ಕೋ ಬೆರಳುಗಳ ತುದಿಯಲ್ಲಿ ಹಿಡಿಯುವುದು ಬರುತ್ತದೆ, ಆದರೆ ಬೆರಳು ಇನ್ನೂ ಬಿಗಿ, ಮಣಿಕಟ್ಟೇ ತಿರುಗುತ್ತಿರುತ್ತದೆ. ಬೆರಳುಗಳೇ ಸಲೀಸಾಗಿ ಆಡುವ ಹಿಡಿತ ಬರುವುದು ನಾಲ್ಕೂವರೆಯಿಂದ ಆರರ ನಡುವೆ, ಕೆಲವರಿಗೆ ಇನ್ನೂ ತಡ. ಈಗ ನಿಮ್ಮ ಮಗ ಭುಜದಿಂದ ಬರೆಯುತ್ತಿದ್ದಾನೆ ಅಂತ ಇಟ್ಟುಕೊಳ್ಳಿ. ಭುಜದಿಂದ ಬರೆದರೆ ದೊಡ್ಡ ಆಕಾರ ಬರುತ್ತದೆ. ನಾಲ್ಕು ಗೆರೆ ಪುಸ್ತಕದ ಆ ಸಣ್ಣ ಜಾಗದೊಳಗೆ ತುರುಕಲು ಹೋದಾಗ ಅವನು ಬಿಗಿಯಾಗಿ ಹಿಡಿದು ಒತ್ತುತ್ತಾನೆ. ಹಾಗಾಗಿ ಕೈ ನೋವು ಅಂದಾಗ ಅವನು ನಾಟಕ ಮಾಡುತ್ತಿಲ್ಲ, ನಿಜವಾಗಿ ನೋಯುತ್ತದೆ.

ಇಲ್ಲೇ ಒಂದು ಮಾತು. ಚಿಕ್ಕ ಮಕ್ಕಳ ಕೈಯ ಎಕ್ಸ್‌ರೇ ಚಿತ್ರವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ, 'ನೋಡಿ, ಮೂಳೆಯೇ ಬೆಳೆದಿಲ್ಲ, ಬರೆಸಬೇಡಿ' ಅಂತ. ನಿಮಗೂ ಬಂದಿರಬಹುದು. ಅದರಲ್ಲಿ ಅರ್ಧ ನಿಜ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಅವು ಮೃದ್ವಸ್ಥಿ, ಅಂದರೆ ಇನ್ನೂ ಗಟ್ಟಿಯಾಗದ ಮೆತ್ತನೆ ಮೂಳೆ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಾಲ್ಕು ವರ್ಷದ ಹೊತ್ತಿಗೆ ಸುಮಾರು ಅರ್ಧ ಕಾಣುತ್ತವೆ, ಕೊನೆಯದು ಕಾಣಲು 8ರಿಂದ 12 ವರ್ಷ ಆಗುತ್ತದೆ. ಹುಡುಗಿಯರಲ್ಲಿ ಇದು ಸ್ವಲ್ಪ ಬೇಗ. ಆದರೆ ಕಾಣುವುದಿಲ್ಲ ಅಂದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥವಲ್ಲ, ಮೃದ್ವಸ್ಥಿ ಇರುತ್ತದೆ, ಕೈ ಕೆಲಸ ಮಾಡುತ್ತದೆ. ಮೂಳೆಗಿಂತ ಮುಖ್ಯವಾದದ್ದು ಸ್ನಾಯುವಿನ ಶಕ್ತಿ, ಹತೋಟಿ, ಮತ್ತು ಆ ಕೈಗೆ ಸಿಕ್ಕಿರುವ ಕೆಲಸ. ದಿನವಿಡೀ ಹಿಟ್ಟು ನಾದಿ, ಕಾಳು ಆರಿಸಿ, ಕಾಗದ ಕತ್ತರಿಸಿ ಆಡಿದ ಮಗುವಿನ ಕೈ ಬೇಗ ಪಳಗುತ್ತದೆ. ಟ್ಯಾಬ್ ಮೇಲೆ ಬೆರಳು ಜಾರಿಸಿದ ಮಗುವಿನ ಕೈ ಪಳಗುವುದಿಲ್ಲ.

ಆಕಾರದ ವಿಷಯದಲ್ಲೂ ಒಂದು ಕ್ರಮ ಇದೆ. ನಿಂತ ಗೆರೆ ಎರಡು ವರ್ಷದ ಸುಮಾರಿಗೆ, ಮಲಗಿದ ಗೆರೆ ಎರಡೂವರೆಗೆ, ಮುಚ್ಚಿದ ಸೊನ್ನೆ ಮೂರಕ್ಕೆ, ಕೂಡುವ ಗುರುತು ನಾಲ್ಕರ ಹತ್ತಿರ, ಚೌಕ ನಾಲ್ಕೂವರೆಯಿಂದ ಐದಕ್ಕೆ, ತ್ರಿಕೋನ ಐದು ದಾಟಿ. ಓರೆ ಗೆರೆ ಎಲ್ಲಕ್ಕಿಂತ ಕಷ್ಟ. ಇಂಗ್ಲಿಷಿನ 'ಎ', 'ಕೆ', 'ಎಕ್ಸ್' ಎಲ್ಲದರಲ್ಲೂ ಓರೆ ಗೆರೆ ಇದೆ. ನಮ್ಮ ಕನ್ನಡದಲ್ಲಿ ಓರೆ ಗೆರೆ ಕಡಿಮೆ, ಆದರೆ ಸುತ್ತು ಜಾಸ್ತಿ. ಅ ಬರೆದು ನೋಡಿ, ನಿಧಾನವಾಗಿ. ಒಂದೇ ಎಳೆತದಲ್ಲಿ ಕೈ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಅಂತ ಗಮನಿಸಿ. ಇ, ಈ ಇನ್ನೂ ಕಷ್ಟ. ವರ್ಣಮಾಲೆಯಲ್ಲಿ ಮೊದಲು ಬರುತ್ತವೆ ಅನ್ನುವ ಕಾರಣಕ್ಕೆ ಬರೆಯಲು ತುಂಬ ಕಷ್ಟವಾದ ಅಕ್ಷರಗಳನ್ನು ನಾವು ಮಗುವಿನ ಕೈಗೆ ಮೊದಲು ಕೊಡುತ್ತೇವೆ.

ಇದನ್ನು ನಮ್ಮ ರಾಜ್ಯದಲ್ಲೇ ಬಹಳ ಹಿಂದೆ ಅರ್ಥ ಮಾಡಿಕೊಂಡಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ನಲಿ ಕಲಿ ಕ್ರಮದಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಇಂದ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ರ ಅಂದರೆ ಒಂದು ಸುತ್ತು, ಮೇಲೆ ತಲೆಕಟ್ಟು. ಗ ಅಂದರೆ ಒಂದು ಕಮಾನು, ಮೇಲೆ ತಲೆಕಟ್ಟು. ಸೊನ್ನೆ ಬರೆಯಲು ಬರುವ ಮಗುವಿಗೆ ರ ಕೈಗೆಟುಕುವ ದೂರದಲ್ಲೇ ಇದೆ. ಇನ್ನೊಂದು ಲಾಭ, ಈ ಐದೇ ಅಕ್ಷರದಲ್ಲಿ ರಸ, ಸರ, ದರ, ಅರಸ, ಅಗಸ, ಗರಗಸ ಎಲ್ಲ ಆಗುತ್ತದೆ. 'ನಾನು ಬರೆದಿದ್ದು ಒಂದು ಪದ' ಅಂತ ಮಗುವಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಅ ಆ ಇ ಈ ಪೂರ್ತಿ ಬರೆದರೂ ಓದಲು ಒಂದು ಪದ ಸಿಗುವುದು ಕಷ್ಟ. ನಿಮ್ಮ ಮಗನ ಶಾಲೆಯಲ್ಲಿ ಬೇರೆ ಕ್ರಮ ಇರಬಹುದು, ಮನೆಯಲ್ಲಿ ಅಕ್ಷರದ ಆಟ ಆಡುವಾಗ ಈ ಕ್ರಮ ಹಿಡಿಯಿರಿ, ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಮತ್ತೆ ಒಂದು ಸಮಾಧಾನ. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ಅಕ್ಷರಗಳ ಮೇಲೆ ಹಿಡಿತ ಬರುವುದು ನಿಧಾನ, ಅದು ಮೊದಲ ಒಂದೆರಡು ವರ್ಷದಲ್ಲಿ ಮುಗಿಯದೆ ಮೇಲಿನ ತರಗತಿಗಳಿಗೂ ಮುಂದುವರಿಯುತ್ತದೆ ಅಂತ ತೋರಿಸಿದ್ದಾರೆ. ಸಹಜವೇ. ಮೂಲ ಅಕ್ಷರ 49, ಅದರ ಮೇಲೆ ಗುಣಿತಾಕ್ಷರ, ಒತ್ತಕ್ಷರ. ಇಂಗ್ಲಿಷಿನ 26ರ ಲೆಕ್ಕ ಇಟ್ಟುಕೊಂಡು ಎಲ್‌ಕೆಜಿಯಲ್ಲಿ ಸ್ವರ, ಯುಕೆಜಿಯಲ್ಲಿ ವ್ಯಂಜನ ಮುಗಿಸಿಬಿಡಬೇಕು ಅಂತ ಹೊರಟರೆ ಮಗುವಿಗೆ ಅನ್ಯಾಯ.

ಈಗ ಉಲ್ಟಾ ಬರೆಯುವ ವಿಷಯ. ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಕಪ್ಪೇ ಅಂತ ಮಗು ಹುಟ್ಟಿದಾಗಿನಿಂದ ಕಲಿತಿದೆ. ಅಕ್ಷರ, ಅಂಕಿಗೆ ಮಾತ್ರ ದಿಕ್ಕು ಮುಖ್ಯ ಅನ್ನುವುದು ಅದಕ್ಕೆ ಹೊಸ ನಿಯಮ. ಏಳು ವರ್ಷದವರೆಗೂ ಮಕ್ಕಳು ಆಗಾಗ ತಿರುಗಿಸಿ ಬರೆಯುತ್ತಾರೆ. ಇದು ಡಿಸ್ಲೆಕ್ಸಿಯಾದ (ಓದು ಬರಹ ಕಲಿಯುವುದರಲ್ಲಿನ ತೊಂದರೆಯ) ಗುರುತು ಅಂತ ನಾಲ್ಕು ವರ್ಷದ ಮಗುವಿಗೆ ಯಾರಾದರೂ ಹೇಳಿದರೆ ನಂಬಬೇಡಿ. ಈ ವಯಸ್ಸಿನಲ್ಲಿ ಆ ಹಣೆಪಟ್ಟಿ ಕೊಡಲು ಬರುವುದೇ ಇಲ್ಲ.

ಎಡಗೈ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ದಯವಿಟ್ಟು ಬದಲಿಸಬೇಡಿ. ನೂರರಲ್ಲಿ ಸುಮಾರು ಹತ್ತು ಜನ ಎಡಗೈಯವರು. ಯಾವ ಕೈ ಅನ್ನುವುದು ಅನೇಕ ಮಕ್ಕಳಲ್ಲಿ ನಾಲ್ಕರಿಂದ ಆರರ ನಡುವೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅವನು ಎರಡನ್ನೂ ಪ್ರಯತ್ನಿಸಿ ನೋಡುತ್ತಾನೆ. ಪ್ರತಿ ಸಲ ದೊಡ್ಡವರು ಬಲಗೈಗೆ ಕೊಟ್ಟರೆ ಯಾವ ಕೈಯೂ ಪೂರ್ತಿ ಪಳಗುವುದಿಲ್ಲ. ಬಳಪವನ್ನು ಅವನ ಎದುರು ನಟ್ಟನಡುವೆ ಇಡಿ, ಯಾವ ಕೈ ಚಾಚುತ್ತಾನೋ ಬಿಡಿ. ನಿಮ್ಮ ಅತ್ತೆಯವರ ಮಾತಿನ ಹಿಂದೆ ಇರುವುದು ಬಹುಶಃ ಊಟ, ಪೂಜೆ, ಯಾರಿಗಾದರೂ ಏನಾದರೂ ಕೊಡುವುದು ಬಲಗೈಯಲ್ಲಿ ಅನ್ನುವ ಪದ್ಧತಿ. ಅದು ಮನೆಗೆ ಮುಖ್ಯ ಅನ್ನಿಸಿದರೆ ಅದನ್ನು ಒತ್ತಾಯವಿಲ್ಲದೆ ಬೇರೆಯಾಗಿ ಹೇಳಿಕೊಡಿ, ಬರೆಯುವ ಕೈಯನ್ನು ಮಾತ್ರ ಮುಟ್ಟಬೇಡಿ. 'ಅತ್ತೆ, ಡಾಕ್ಟರ್ ಹೀಗೆ ಹೇಳಿದ್ರು' ಅಂತ ನನ್ನ ಮೇಲೆ ಹಾಕಿ ಹೇಳಿ, ಪರವಾಗಿಲ್ಲ. ಕೆಳಗೆ ಹೇಳುವ ಆಟಗಳಲ್ಲಿ ಅರ್ಧಕ್ಕರ್ಧ ಅವರಿಗೇ ಚೆನ್ನಾಗಿ ಗೊತ್ತಿರುವಂಥವು, ಅದರಲ್ಲಿ ಅವರನ್ನೇ ಮುಂದೆ ಬಿಡಿ.

ಚುಕ್ಕೆ ಮೇಲೆ ತಿದ್ದುವ ಪುಸ್ತಕ, ಆಪ್ ಯಾಕೆ ಉಪಯೋಗ ಆಗಲಿಲ್ಲ ಅನ್ನುವುದಕ್ಕೂ ಕಾರಣ ಇದೆ. ಚುಕ್ಕೆಯ ಮೇಲೆ ಹೋಗುವಾಗ ಮಗು ನೋಡುವುದು ಮುಂದಿನ ಚುಕ್ಕೆಯನ್ನು, ಅಕ್ಷರವನ್ನಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕ್ಯಾರಿನ್ ಜೇಮ್ಸ್ ಮತ್ತು ಅವರ ಜೊತೆಗಾರರು ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ರೀತಿಯಲ್ಲಿ ಅಭ್ಯಾಸ ಮಾಡಿಸಿದರು: ತಾವೇ ಕೈಯಿಂದ ಬರೆಯುವುದು, ಚುಕ್ಕೆಯ ಮೇಲೆ ತಿದ್ದುವುದು, ಕೀಲಿ ಒತ್ತುವುದು. ಆಮೇಲೆ ಸ್ಕ್ಯಾನ್‌ನಲ್ಲಿ ನೋಡಿದಾಗ, ಓದುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಎಚ್ಚೆತ್ತಿದ್ದು ತಾವೇ ಬರೆದ ಅಕ್ಷರಗಳನ್ನು ನೋಡಿದಾಗ. 2012ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೆ ನಾನು ಕೆಲಸದಲ್ಲಿ ಕಾಣುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮಗು ಸೊಟ್ಟಪಟ್ಟ ಬರೆದ ಒಂದು ರ, ಚುಕ್ಕೆ ಮೇಲೆ ನೀಟಾಗಿ ತಿದ್ದಿದ ಒಂದು ಪುಟಕ್ಕಿಂತ ಜಾಸ್ತಿ ಕಲಿಸುತ್ತದೆ. ಒಂದೆರಡು ಸಲ ದಾರಿ ತೋರಿಸಲು ತಿದ್ದಿಸಿ, ತಪ್ಪಿಲ್ಲ. ಅದೇ ಅಭ್ಯಾಸ ಆಗಬಾರದು. ಟ್ಯಾಬ್‌ನ ಗಾಜಿನ ಮೇಲೆ ಬೆರಳಿಗೆ ತಡೆಯೇ ಸಿಗುವುದಿಲ್ಲ, ಹಿಡಿಯುವುದೂ ಏನಿಲ್ಲ. ಅದನ್ನು ಬರವಣಿಗೆಯ ಲೆಕ್ಕಕ್ಕೆ ಸೇರಿಸಬೇಡಿ.

ಸರಿ, ಆಟದಿಂದ ಬರವಣಿಗೆ ಹೇಗೆ ಬರುತ್ತದೆ ಅಂತ ಕೇಳಿದಿರಿ.

ಭುಜದಿಂದ ಶುರು ಮಾಡೋಣ. ಭುಜ, ಬೆನ್ನು ಗಟ್ಟಿ ನಿಲ್ಲದಿದ್ದರೆ ಬೆರಳು ಸಲೀಸಾಗಿ ಆಡುವುದಿಲ್ಲ. ಮರ ಅಥವಾ ಪಾರ್ಕಿನ ಏಣಿ ಹತ್ತುವುದು, ಕಂಬಿಗೆ ಜೋತು ಬೀಳುವುದು, ನೀವು ಕಾಲು ಎತ್ತಿ ಹಿಡಿದು ಅವನು ಕೈಯಲ್ಲಿ ನಡೆಯುವುದು, ಮಂಚದ ಕೆಳಗೆ ಅಂಬೆಗಾಲಿಟ್ಟು ಹೋಗುವುದು, ಇವೆಲ್ಲ ಬರವಣಿಗೆಯ ತಯಾರಿಯೇ. ನನಗೆ ತುಂಬ ಇಷ್ಟವಾದದ್ದು ಗೋಡೆ. ಒಂದು ಬಕೆಟ್ ನೀರು, ಬಣ್ಣ ಬಳಿಯುವ ಹಳೆ ಬ್ರಷ್ ಕೊಟ್ಟು ಕಾಂಪೌಂಡ್ ಗೋಡೆಗೆ 'ಪೇಂಟ್' ಮಾಡಲು ಬಿಡಿ. ಬಿಸಿಲಿಗೆ ಒಣಗುತ್ತದೆ, ಮತ್ತೆ ಬಳಿಯುತ್ತಾನೆ. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ದೊಡ್ಡ ದೊಡ್ಡ ಸೊನ್ನೆ. ನಿಂತ ಮೇಲ್ಮೈಯಲ್ಲಿ ಕೆಲಸ ಮಾಡುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ, ಬರೆಯಲು ಬೇಕಾದ ಭಂಗಿ ಅದೇ. ಬಾಗಿಲಿನ ಹಿಂಭಾಗಕ್ಕೆ ಕರಿ ಬಣ್ಣ ಬಳಿದು ಸೀಮೆಸುಣ್ಣ ಕೊಟ್ಟರೂ ಆಯಿತು.

ಬೆರಳಿಗೆ ನಮ್ಮ ಅಡುಗೆಮನೆಗಿಂತ ಒಳ್ಳೆ ಜಾಗ ಇಲ್ಲ. ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ, ಹಾವು ಮಾಡಲಿ, ಆ ಹಾವನ್ನು ಸುತ್ತಿ ರ ಮಾಡಲಿ. ಶೇಂಗಾ ಸುಲಿಯಲಿ, ಹಸಿ ಬಟಾಣಿ ಬಿಡಿಸಲಿ. ಚಳಿಗಾಲ ಬಂದು ಅವರೆಕಾಯಿ ಸಿಗುವಾಗ ನೆನೆಸಿದ ಕಾಳು ಹಿದುಕುವುದಕ್ಕೆ ಅವನನ್ನೂ ಕೂರಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಒತ್ತಿದರೆ ಕಾಳು ಸಿಪ್ಪೆಯಿಂದ ಚಂಗನೆ ಹಾರುತ್ತದೆ, ಮಕ್ಕಳಿಗೆ ಅದೇ ಖುಷಿ. ಪೆನ್ಸಿಲ್ ಹಿಡಿಯುವುದೂ ಇದೇ ಮೂರು ಬೆರಳು. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಆಟಿಕೆಗಳಲ್ಲಿ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿಸುವುದನ್ನು ನಾನು ನೋಡಿಲ್ಲ. ರಂಗೋಲಿಯೂ ಹಾಗೆ. ಚಿಟಿಕೆಯಲ್ಲಿ ಪುಡಿ ಹಿಡಿದು ಅಳತೆಯಲ್ಲಿ ಬಿಡಬೇಕು, ಚುಕ್ಕೆ ಎಣಿಸಿ ಇಡಬೇಕು, ಗೆರೆ ಎಳೆಯಬೇಕು. ಅಜ್ಜಿ ಬೆಳಿಗ್ಗೆ ಹಾಕುವಾಗ ಪಕ್ಕದಲ್ಲಿ ಅವನಿಗೊಂದು ಸಣ್ಣ ಜಾಗ ಬಿಟ್ಟುಕೊಡಲಿ. ಹುಡುಗ ಅಂತ ಬಿಡಬೇಡಿ. ಬಟ್ಟೆ ಕ್ಲಿಪ್ ಹಾಕುವುದು, ಹಳೆ ಪೇಪರ್ ಹರಿಯುವುದು, ಮೊಂಡು ತುದಿಯ ಕತ್ತರಿಯಲ್ಲಿ ಕತ್ತರಿಸುವುದು, ಅಳಗುಳಿ ಮಣೆಯಲ್ಲಿ ಹುಣಿಸೆ ಬೀಜ ಒಂದೊಂದೇ ಹಾಕುತ್ತಾ ಹೋಗುವುದು, ಇವೂ ಸೇರಲಿ.

ಎಚ್ಚರಿಕೆಯನ್ನೂ ಹೇಳಬೇಕು. ಕಾಳು, ಬೀಜ, ಮಣಿ ಇರುವ ಆಟದಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಮನೆಯಲ್ಲಿ ಮೂರು ವರ್ಷದ ಒಳಗಿನ ಇನ್ನೊಂದು ಮಗು ಇದ್ದರೆ ಅದರ ಕೈಗೆ ಸಿಗಬಾರದು. ಮೂಗಿಗೆ ಹಾಕಿಕೊಂಡ ಒಣ ಕಾಳು ಒದ್ದೆಯಾಗಿ ಉಬ್ಬುತ್ತದೆ, ಹಾಗಾದರೆ ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗದೆ ನೇರ ಆಸ್ಪತ್ರೆಗೆ ಹೋಗಿ. ರಂಗೋಲಿ ಪುಡಿ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ, ಅಕ್ಕಿ ಹಿಟ್ಟು ಕೊಟ್ಟರೆ ಇನ್ನೂ ಒಳ್ಳೆಯದು.

ಹಿಡಿತ ಸರಿಯಾಗಲು ಒಂದು ಸುಲಭ ಉಪಾಯ ಇದೆ. ಉದ್ದ ಪೆನ್ಸಿಲ್ ಎತ್ತಿಡಿ. ಕ್ರಯಾನ್, ಸೀಮೆಸುಣ್ಣವನ್ನು ಮುರಿದು ಹೆಬ್ಬೆರಳಿನ ತುದಿಯಷ್ಟು ತುಂಡು ಮಾಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿ ತಾನಾಗಿ ಬರುತ್ತದೆ. ಉಂಗುರ ಬೆರಳು ಮತ್ತು ಕಿರುಬೆರಳಿನ ಒಳಗೆ ಒಂದು ಸಣ್ಣ ಕಾಗದದ ಉಂಡೆ ಹಿಡಿದುಕೊಳ್ಳಲು ಕೊಟ್ಟರೆ ಆ ಎರಡು ಬೆರಳು ಮಡಚಿಕೊಂಡು ಉಳಿದ ಮೂರಕ್ಕೆ ಕೆಲಸ ಬಿಡುತ್ತವೆ. 'ಸರಿಯಾಗಿ ಹಿಡಿ, ಸರಿಯಾಗಿ ಹಿಡಿ' ಅಂತ ಬಾಯಲ್ಲಿ ಹೇಳಿದರೆ ಅಳು ಒಂದೇ ಬರುತ್ತದೆ. ನಾಲ್ಕು ಬೆರಳಲ್ಲಿ ಹಿಡಿದರೂ ಪರವಾಗಿಲ್ಲ, ನೋವಿಲ್ಲದೆ ಗೆರೆ ಹತೋಟಿಗೆ ಬಂದರೆ ಅದು ಒಳ್ಳೆ ಹಿಡಿತವೇ.

ಅಕ್ಷರದ ಆಕಾರಕ್ಕೆ ತಟ್ಟೆಯಲ್ಲಿ ರವೆ ಅಥವಾ ಮರಳು ಹರಡಿ ಬೆರಳಲ್ಲಿ ಬರೆಯುವುದು ಒಳ್ಳೆಯದು. ಹಿಂದೆ ಕೂಲಿಮಠದಲ್ಲಿ, ಅಂದರೆ ಹಳೆ ಕಾಲದ ಊರಿನ ಶಾಲೆಯಲ್ಲಿ, ಮರಳ ಮೇಲೆ ಬರೆಸುತ್ತಿದ್ದರು, ಅಕ್ಷರಾಭ್ಯಾಸದಲ್ಲಿ ಈಗಲೂ ಅಕ್ಕಿಯ ಮೇಲೆ ಬರೆಸುತ್ತೇವೆ, ಆ ಒಂದು ದಿನಕ್ಕೆ ನಿಲ್ಲಿಸುತ್ತೇವೆ ಅನ್ನುವುದೇ ಬೇಜಾರು. ತಪ್ಪಾದರೆ ಕೈ ಆಡಿಸಿದರೆ ಅಳಿಸಿಹೋಗುತ್ತದೆ, ರಬ್ಬರ್‌ನಲ್ಲಿ ಉಜ್ಜಿ ಪುಟ ಹರಿಯುವ ಭಯ ಇಲ್ಲ. ಮೊದಲು ನೀವು ಬರೆದು ತೋರಿಸಿ, ಬರೆಯುತ್ತಾ ಬಾಯಲ್ಲಿ ಹೇಳಿ: 'ಸುತ್ತಿ ಬಂದೆ, ಮುಚ್ಚಿದೆ, ಮೇಲೆ ಟೋಪಿ ಹಾಕಿದೆ'. ಆಮೇಲೆ ಅಳಿಸಿ, ಅವನು ನೆನಪಿನಿಂದ ಬರೆಯಲಿ. ಸ್ಲೇಟು ಬಳಪ ಇದ್ದರೆ ಅದೂ ತುಂಬ ಒಳ್ಳೆಯದು, ಬಳಪ ಸ್ಲೇಟಿನ ಮೇಲೆ ಎಳೆದಾಗ ಕೈಗೆ ಒಂದು ತಡೆ ಸಿಗುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತ ನಂಬಿರುವುದು ಇದು. ನಿಮ್ಮ ಮಗ ಕಥೆ ಹೇಳುತ್ತಾನೆ ಅಂದಿರಿ. ನಿಮ್ಮ ಪತ್ರದಲ್ಲಿ ಬರವಣಿಗೆಗೆ ಸಂಬಂಧಿಸಿದ ಒಳ್ಳೆ ಸುದ್ದಿ ಅದೇ. ಅವನ ಹತ್ತಿರ ಬರೆಯಲು ವಿಷಯ ಇದೆ, ಕೈ ಇನ್ನೂ ತಯಾರಿಲ್ಲ ಅಷ್ಟೇ. ಹಾಗಾದರೆ ಸದ್ಯಕ್ಕೆ ನಿಮ್ಮ ಕೈ ಕೊಡಿ. ಅವನು ಒಂದು ಚಿತ್ರ ಗೀಚಲಿ, 'ಇದೇನು?' ಅಂತ ಕೇಳಿ, ಅವನು ಹೇಳಿದ್ದನ್ನು ಅವನ ಮಾತಲ್ಲೇ ಕೆಳಗೆ ಬರೆಯಿರಿ, ತಿದ್ದಬೇಡಿ. 'ಆನೆ ಬಸ್ಸಲ್ಲಿ ಕೂತ್ಕೊಂಡು ಅಜ್ಜಿ ಮನೆಗೆ ಹೋಯ್ತು' ಅಂದರೆ ಹಾಗೇ ಬರೆಯಿರಿ. ಬೆರಳಿಟ್ಟು ಓದಿ ತೋರಿಸಿ. ನಾಳೆ ಮತ್ತೆ ಓದಿ. ಅದೇ ಮಾತು ಅದೇ ಜಾಗದಲ್ಲಿ ಇದೆ ಅನ್ನುವುದು ಅವನಿಗೆ ಆಶ್ಚರ್ಯ ಹುಟ್ಟಿಸುತ್ತದೆ. ಬರೆಯಬೇಕು ಅನ್ನುವ ಆಸೆ ಬರುವುದು ಅಲ್ಲಿಂದ.

ಅಂಗಡಿ ಆಟದಲ್ಲಿ ಚೀಟಿ ಬರೆಯಲಿ, ಬಸ್ಸಿನ ಆಟದಲ್ಲಿ ಕಂಡಕ್ಟರ್ ಆಗಿ ಟಿಕೆಟ್ ಹರಿದು ಕೊಡಲಿ. ನೀವು ಸಂತೆಗೆ ಪಟ್ಟಿ ಬರೆಯುವಾಗ ಅವನೂ ಒಂದು ಪಟ್ಟಿ ಗೀಚಲಿ, ಟೊಮೇಟೊಗೆ ಒಂದು ಕೆಂಪು ಸೊನ್ನೆ ಹಾಕಿದರೂ ಅದು ಬರಹವೇ. 'ನೀನು ಬರೆದಿದ್ದು ಓದು' ಅಂತ ಕೇಳಿ. ಗೀಚಿದ್ದನ್ನು ನೋಡಿ ನಗಬೇಡಿ, 'ಇದು ಅಕ್ಷರ ಅಲ್ಲ' ಅನ್ನಬೇಡಿ. ಮಕ್ಕಳು ಗೀಚುವುದರಿಂದ ಅಕ್ಷರದ ಥರದ ಗುರುತಿಗೆ, ಅಲ್ಲಿಂದ ನಿಜವಾದ ಅಕ್ಷರಕ್ಕೆ ತಾವೇ ದಾಟುತ್ತಾರೆ. ಸಾಮಾನ್ಯವಾಗಿ ಮೊದಲು ಬರುವುದು ತಮ್ಮ ಹೆಸರಿನ ಮೊದಲ ಅಕ್ಷರ. ಚಿತ್ರದ ಮೂಲೆಯಲ್ಲಿ ಅದನ್ನು ಸಹಿ ಥರ ಹಾಕಲು ಹೇಳಿ. ಪಕ್ಕದ ಮನೆಯ ಹುಡುಗಿ ಹೆಸರು ಬರೆಯುವುದೂ ಬಹುಶಃ ಹೀಗೇ ಶುರುವಾಗಿರುತ್ತದೆ. ಈ ವಯಸ್ಸಿನಲ್ಲಿ ಕೈಕೆಲಸದಲ್ಲಿ ಹುಡುಗಿಯರು ಕೆಲವು ತಿಂಗಳು ಮುಂದಿರುವುದನ್ನೂ ನಾವು ನೋಡುತ್ತಿರುತ್ತೇವೆ. ಹೋಲಿಸಬೇಡಿ.

ಹಾಗಂತ ಆಟ ಒಂದರಿಂದಲೇ ಎಲ್ಲ ಬಂದುಬಿಡುತ್ತದೆ ಅನ್ನುವುದೂ ಸುಳ್ಳು. ಅಕ್ಷರ ಎಲ್ಲಿಂದ ಶುರು ಮಾಡಬೇಕು, ಯಾವ ಕಡೆ ತಿರುಗಬೇಕು ಅನ್ನುವುದನ್ನು ಯಾರಾದರೂ ಕೂತು ತೋರಿಸಿ ಕಲಿಸಲೇಬೇಕು. ಐದು, ಐದೂವರೆ ದಾಟಿದ ಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಕೂರಿಸಿ ಕಲಿಸುವುದು ಬೇಕಾಗುತ್ತದೆ. ಅಷ್ಟರಲ್ಲಿ ಕೈ ತಯಾರಿದ್ದರೆ ಕಲಿಯುವುದು ಬೇಗ ಆಗುತ್ತದೆ, ತಪ್ಪು ಅಭ್ಯಾಸ ಬಿಡಿಸುವ ಕಷ್ಟ ಇರುವುದಿಲ್ಲ.

ಶಾಲೆಯ ಹೋಂವರ್ಕಿಗೆ ಏನು ಮಾಡುವುದು? ನನ್ನ ಸಲಹೆ, ಟೀಚರ್ ಹತ್ತಿರ ಒಂಟಿಯಾಗಿ ಕೂತು ಮಾತಾಡಿ. ಬೇರೆ ತಾಯಂದಿರ ಎದುರು ಬೇಡ. 'ಕೈ ನೋಯುತ್ತೆ ಅಂತಾನೆ, ಆರು ತಿಂಗಳು ಪುಟದ ಬದಲು ಒಂದು ಸಾಲು ಬರೆಯಲಿ, ಉಳಿದ ಜಾಗದಲ್ಲಿ ಚಿತ್ರ ಬಿಡಿಸಲಿ, ಮನೇಲಿ ಬೆರಳಿನ ಆಟ ಮಾಡಿಸ್ತೀನಿ' ಅಂತ ಕೇಳಿ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 6 ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಬೇಡ, ಕಲಿಕೆ ಆಟದ ಮೂಲಕ ಆಗಲಿ ಅನ್ನುತ್ತದೆ. ಆದರೆ ಅದನ್ನು ಜಗಳಕ್ಕೆ ಹಿಡಿದುಕೊಂಡು ಹೋಗಬೇಡಿ. ಎಷ್ಟೋ ಟೀಚರ್‌ಗಳಿಗೂ ಇಷ್ಟು ಬರೆಸುವುದು ಇಷ್ಟವಿಲ್ಲ, ಪುಸ್ತಕ ತುಂಬದಿದ್ದರೆ ಪೋಷಕರೇ ಬಂದು ಕೇಳುತ್ತಾರೆ ಅನ್ನುವ ಒತ್ತಡ ಅವರ ಮೇಲಿರುತ್ತದೆ. ಈ ದಾರಿಯಲ್ಲಿ ಅಪಾಯ ಏನೆಂದರೆ, ಕ್ಲಾಸಲ್ಲಿ 'ಇವನಿಗೆ ಮಾತ್ರ ಕಡಿಮೆ' ಅಂತ ಎದ್ದು ಕಾಣಬಹುದು. ಅದನ್ನು ಮಕ್ಕಳ ಮುಂದೆ ಹೇಳಬೇಡಿ ಅಂತ ಮೊದಲೇ ಕೇಳಿಕೊಳ್ಳಿ.

ಟೀಚರ್ ಒಪ್ಪದಿದ್ದರೆ ಮನೆಯಲ್ಲಿ ಹತ್ತು ನಿಮಿಷಕ್ಕೆ ಗಡಿಯಾರ ಇಟ್ಟು, ಆದಷ್ಟು ಬರೆಸಿ, ಪುಸ್ತಕ ಮುಚ್ಚಿ. 'ಇಂದು ಇಷ್ಟು ಬರೆದ' ಅಂತ ನೀವೇ ಸಹಿ ಹಾಕಿ ಕಳಿಸಿ. ಪುಟ ಅರ್ಧ ಉಳಿದರೆ ಉಳಿಯಲಿ. ಅವನ ಕೈ ಹಿಡಿದು ನೀವೇ ಬರೆದು ಪುಟ ತುಂಬಿಸುವುದು ಬೇಡ, ಅದರಿಂದ ಅವನ ಕೈಗೆ ಏನೂ ಬರುವುದಿಲ್ಲ, ಟೀಚರ್‌ಗೂ ನಿಜ ಗೊತ್ತಾಗುವುದಿಲ್ಲ. ಹ್ಯಾಂಡ್‌ರೈಟಿಂಗ್ ಕ್ಲಾಸ್, ಟ್ಯೂಷನ್‌ಗೆ ಸೇರಿಸುವ ಯೋಚನೆ ಇದ್ದರೆ ಆರು ವರ್ಷದವರೆಗೆ ಮುಂದೂಡಿ. ಅಲ್ಲಿ ಮತ್ತೆ ಅದೇ ಪುಟ ತುಂಬಿಸುವುದೇ ಆದರೆ ಇರುವ ದ್ವೇಷ ಹೆಚ್ಚಾಗುತ್ತದೆ. ಶಾಲೆ ಬದಲಿಸುವುದು ದೊಡ್ಡ ನಿರ್ಧಾರ. ಹೊಡೆಯುವುದು, ಅವಮಾನ ಮಾಡುವುದು, ಬರೆಯದಿದ್ದರೆ ಆಟಕ್ಕೆ ಬಿಡದಿರುವುದು ನಡೆಯುತ್ತಿದ್ದರೆ ಮಾತ್ರ ಅದನ್ನು ಯೋಚಿಸಿ, ಆಗ ತಡ ಮಾಡಬೇಡಿ. ಬರೀ ಹೋಂವರ್ಕ್ ಜಾಸ್ತಿ ಅನ್ನುವುದಾದರೆ ಮಾತಾಡಿ ಸರಿಮಾಡಿಕೊಳ್ಳಬಹುದು. ಒಂದನೇ ತರಗತಿಗೆ ಹೋಗುವಾಗ ಅವನಿಗೆ ಆರು ದಾಟಿರುತ್ತದೆ. ಇನ್ನೂ ಎರಡು ವರ್ಷದ ಹತ್ತಿರ ಸಮಯ ಇದೆ ನಿಮಗೆ.

ಕೊನೆಯದಾಗಿ, ಯಾವಾಗ ತೋರಿಸಬೇಕು. ಮೂರ್ನಾಲ್ಕು ತಿಂಗಳು ಈ ಆಟಗಳನ್ನು ಆಡಿಸಿದ ಮೇಲೂ ಹಿಡಿತದಲ್ಲಿ ಏನೂ ಬದಲಾವಣೆ ಇಲ್ಲದಿದ್ದರೆ, ಐದಾದರೂ ಸೊನ್ನೆ, ಕೂಡುವ ಗುರುತು ನೋಡಿ ಬರೆಯಲು ಆಗದಿದ್ದರೆ, ಚಮಚ ಹಿಡಿಯುವುದು, ದೊಡ್ಡ ಗುಂಡಿ ಹಾಕುವುದು ಕೂಡ ಕಷ್ಟವಾದರೆ, ಕೈ ನಡುಗಿದರೆ, ಒಂದು ಕೈ ಇನ್ನೊಂದಕ್ಕಿಂತ ತೀರಾ ಬಲಹೀನ ಅನ್ನಿಸಿದರೆ, ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದರೆ ತೋರಿಸಿ. ಮೊದಲು ಮಾಡುತ್ತಿದ್ದ ಕೆಲಸ ಈಗ ಮಾಡಲು ಆಗುತ್ತಿಲ್ಲ ಅಂದರೆ ಒಂದು ವಾರವೂ ಕಾಯಬೇಡಿ. ಕಣ್ಣಿನ ಪರೀಕ್ಷೆ ಮೊದಲು ಮಾಡಿಸಿ, ಸುಲಭ, ಆದರೆ ಎಲ್ಲರೂ ಮರೆಯುತ್ತಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರಗಳಿವೆ, ಡಿಇಐಸಿ ಅನ್ನುತ್ತಾರೆ, ಸೇವೆ ಉಚಿತ. ನಿಮ್ಮ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕೇಳಿದರೆ ಎಲ್ಲಿದೆ ಅಂತ ಹೇಳುತ್ತಾರೆ. ಹೋಗುವಾಗ ಹೋಂವರ್ಕ್ ಪುಸ್ತಕದ ಜೊತೆಗೆ ಅವನು ತಾನಾಗಿ ಬಿಡಿಸಿದ ನಾಲ್ಕಾರು ಚಿತ್ರ, ಅವನು ಊಟ ಮಾಡುವ, ಆಡುವ ಒಂದೆರಡು ಚಿಕ್ಕ ವಿಡಿಯೋ ತೆಗೆದುಕೊಂಡು ಹೋಗಿ. ನಮ್ಮಂಥವರಿಗೆ ಹೋಂವರ್ಕ್ ಪುಟಕ್ಕಿಂತ ಅವೇ ಜಾಸ್ತಿ ಹೇಳುತ್ತವೆ.